ನಾನು ಮರೆತ ಮಣ್ಣು

ಬಂಗಾರಪೇಟೆಯ ಸಣ್ಣ ಕಾರ್ಖಾನೆಯೊಂದಕ್ಕೆ ಟಿಪ್ಪರ್ ಲಾರಿ ತಾನಾಗಿಯೇ ಪಾಲಿಸಬೇಕಾದ ಸುರಕ್ಷತಾ ನಿಯಮಗಳನ್ನು ಬರೆದುಕೊಡುತ್ತಿದ್ದೆ. ಕಂಪ್ಯೂಟರಿನಲ್ಲಿ ಲಾರಿಯ ಮಾದರಿ ಕಟ್ಟಿ, ಪ್ರತಿ ನಿಯಮವೂ ಎಲ್ಲ ಸಂದರ್ಭಕ್ಕೂ ನಿಲ್ಲುತ್ತದೆಯೇ ಎಂದು ಗಣಿತದಿಂದ ಪರೀಕ್ಷಿಸುವ ಕೆಲಸ ಅದು. 'ಹಿಂದಿನ ತೊಟ್ಟಿ ಮೇಲೆದ್ದಿರುವಾಗ ಗಾಡಿ ಚಲಿಸಕೂಡದು' ಎಂಬ ನಿಯಮ ಎಲ್ಲೂ ಮುರಿಯಲಿಲ್ಲ. ಬಂಗಾರು ತಿರುಪತಿ ಸ್ವಾಮಿಗೆ ಮನಸ್ಸಿನಲ್ಲೇ ಕೈಮುಗಿದು, ಬೇತಮಂಗಲದ ಡ್ರೈವರ್ ಮುನಿಯಪ್ಪನವರಿಗೆ ತೋರಿಸಿದೆ.

"ಚೆನ್ನಾಗೈತೆ ಸಾಮಿ. ಕೆರೆಮಣ್ಣು ತೊಟ್ಟಿಗೆ ಅಂಟ್ಕಂಡ್ರೆ?" ಎಂದರು.

"ಈಗ ಏನು ಮಾಡ್ತೀರಿ?"

"ತೊಟ್ಟಿ ಎತ್ತಿದಂಗೇ ನಾಕಡಿ ಮುಂದಕ್ಕೋಗಿ ಬ್ರೇಕ್ ಆಕ್ತೀನಿ, ಉದುರ್ತದೆ. ನಿಮ್ ಗಾಡಿ ಕದಲ್ದಿದ್ರೆ ನಾನೇ ಸಲಿಕೆ ಇಡ್ಕಂಡು ತೊಟ್ಟಿ ಕೆಳಗೆ ನುಗ್ಬೇಕು."

ಜೀವ ಉಳಿಸಲೆಂದು ಬರೆದ ನಿಯಮ ಅವರ ಜೀವಕ್ಕೇ ಎರವಾಗುತ್ತಿತ್ತು. ಅಲ್ಲೇ ಕೂತು, ನಿಧಾನವಾಗಿ ನಾಲ್ಕಡಿ ಚಲಿಸಲು ಅವಕಾಶ ಬರೆದೆ.

ಲಾರಿ, ಇಳಿಜಾರು, ಬ್ರೇಕು ಎಲ್ಲವನ್ನೂ ಸೃಷ್ಟಿಸಿದ್ದ ನಾನು ಮಣ್ಣನ್ನೇ ಮರೆತಿದ್ದೆ. ಭಗವಂತ ಅದನ್ನು ನನಗಿಂತ ಮೊದಲೇ ಮಾಡಿಟ್ಟಿದ್ದನಲ್ಲ, ನೋಡಿಕೊಂಡು ಬರೆಯಬಹುದಿತ್ತು.