ಹಾಡು ಹಚ್ಚಿ ತೆಗೆದ ಅಳತೆ

ಹಳೆ ಬಟ್ಟೆ ತೆಗೆದುಕೊಂಡು ಪಾತ್ರೆ ಕೊಡುವ ಹೆಂಗಸು ಹೋದ ವಾರ ನಮ್ಮ ಓಣಿಗೆ ಬಂದಿದ್ದಳು. ನನ್ನ ಹೆಂಡತಿ ಟ್ರಂಕು ತೆರೆದು ಬಟ್ಟೆ ಆರಿಸಿ ಹಾಕಿದಳು. ಎರಡು ಸೀರೆ, ಮೂರು ಪ್ಯಾಂಟು, ತೋಳು ಹರಿದ ಒಂದು ಸ್ವೆಟರು, ಅವುಗಳ ಮೇಲೆ ಒಂದು ಬೂದು ಬಣ್ಣದ ಅಂಗಿ. ಇಷ್ಟಕ್ಕೆ ಸ್ಟೀಲಿನ ಡಬರಿ ಬರುತ್ತದೋ ಇಲ್ಲವೋ ಎಂದು ಇಬ್ಬರೂ ಚೌಕಾಶಿಗೆ ಇಳಿದಿದ್ದರು. ಪೇಪರು ಓದುತ್ತಿದ್ದ ನಾನು ಎದ್ದು ಹೋಗಿ ಆ ಅಂಗಿಯನ್ನು ಎಳೆದುಕೊಂಡೆ. ಮೂಗಿಗೆ ಹಿಡಿದೆ. ಡಾಂಬರ ಗುಳಿಗೆಯ ಘಾಟಿನ ಅಡಿಯಲ್ಲಿ ಎಲ್ಲೋ ಹೊಲಿಗೆ ಮಷೀನಿನ ಎಣ್ಣೆಯ ವಾಸನೆ ಇನ್ನೂ ಇತ್ತು...

"ಒಂದ ದಿನಾನೂ ಮೈಮ್ಯಾಲ ಹಾಕಿಲ್ಲ, ಅದನ್ಯಾಕ ಇಟಗೊಂತೀರಿ?" ಎಂದಳು ಹೆಂಡತಿ. ಮರುಕ್ಷಣ ಅವಳಿಗೇ ನೆನಪಾಗಿರಬೇಕು. ಒಳಗೆ ಹೋಗಿ ಒಂದು ಹಳೆ ಚಾದರ ತಂದು ಅದರ ಜಾಗಕ್ಕೆ ಹಾಕಿದಳು.

ಅದು ಟೇಲರ್ ಕಾಕಾ ನನಗೆ ಹೊಲಿದ ಕೊನೆಯ ಅಂಗಿ.

ನಾನು ಗುಡಗೇರಿಗೆ ಹೈಸ್ಕೂಲು ಮಾಸ್ತರನಾಗಿ ಬಂದಾಗ ಅವರ ಅಂಗಡಿ ಸ್ಟೇಶನ್ನಿನಿಂದ ಪೇಟೆಗೆ ಬರುವ ರಸ್ತೆಯಲ್ಲಿತ್ತು. ಒಂದು ತುಳಿಯುವ ಮಷೀನು, ಒಂದು ಕತ್ತರಿಸುವ ಟೇಬಲ್ಲು, ಗಿರಾಕಿಗಳಿಗೆ ಒಂದು ಬೆಂಚು. ಗೋಡೆಯ ಹಲಗೆಯ ಮೇಲೆ ರೇಡಿಯೋ, ಅದರ ಬಾಜು ಮುಚ್ಚಳ ಮುರಿದು ರಬ್ಬರಿನಿಂದ ಬಿಗಿದ ಟೇಪ್ ರೆಕಾರ್ಡರ್. ಕಾಕಾ ಹಣೆಗೆ ವಿಭೂತಿ ಹಚ್ಚಿ, ಕೊರಳಿಗೆ ಅಳತೆಯ ಪಟ್ಟಿ ಹಾಕಿಕೊಂಡು ಕೂತಿರುತ್ತಿದ್ದರು. ಊರಿಗೆ ಹೊಸಬನಾದ ನಾನು ಮೊದಲ ಸಲ ಅಳತೆ ಕೊಡಲು ನಿಂತಾಗ ಅವರು ಕೇಳಿದ ಪ್ರಶ್ನೆ ಈಗಲೂ ಕಿವಿಯಲ್ಲಿದೆ.

"ನಿಮಗ ಯಾವ ಹಾಡ ಸೇರತೈತ್ರಿ ಮಾಸ್ತರ್ರ?"

ನನಗೆ ಅಂಗಿ ಬೇಕಾಗಿತ್ತು, ಹಾಡಲ್ಲ. ಆದರೆ ಅವರ ಪದ್ಧತಿಯೇ ಹಾಗಿತ್ತು. ಟೇಪು ಹಚ್ಚದೆ ಅವರು ಯಾರ ಅಳತೆಯನ್ನೂ ತೆಗೆಯುತ್ತಿರಲಿಲ್ಲ. "ಅಳತಿ ಕೊಡುವಾಗ ಎಲ್ಲಾರೂ ಹೊಟ್ಟಿ ಒಳಗ ಜಗ್ಗತಾರ್ರಿ. ರಾಜಕೀಯ ಮಾತಾಡುವಾಗ ಭುಜ ಅರ್ಧಾ ಇಂಚು ಮ್ಯಾಲ ಇರತಾವ. ಹಾಡ ಕೇಳುವಾಗಷ್ಟ ಮನಶ್ಯಾ ತನ್ನ ಖರೇ ಅಳತಿಗೆ ಬರತಾನ." ಹೀಗೆಂದು ಹಾಡು ಹಚ್ಚಿ, ಬೀಡಿ ಸೇದುವವರಂತೆ ಆರಾಮವಾಗಿ ಕಾಯುತ್ತಿದ್ದರು. ಪಲ್ಲವಿ ಮುಗಿದು ಗಿರಾಕಿಯ ಹೊಟ್ಟೆ ತಾನಾಗಿಯೇ ಹೊರಗೆ ಬಂದ ಮೇಲೆ ಪಟ್ಟಿ ಸುತ್ತುತ್ತಿದ್ದರು. ಕಾಕಾ ಹೊಲಿದ ಅಂಗಿ ಕಂಕುಳಲ್ಲಿ ಹಿಡಿಯಿತು ಎಂದು ದೂರಿದವರನ್ನು ನಾನು ಕಾಣೆ.

ಅವರ ಅಳತೆಯ ಪುಸ್ತಕವನ್ನು ನೋಡಬೇಕಿತ್ತು. ಪ್ರತಿ ಹೆಸರಿನ ಮುಂದೆ ಎದೆ, ಸೊಂಟ, ತೋಳು. ಅದರ ಪಕ್ಕ ಆ ಮನುಷ್ಯನ ಪಕ್ಷ. ಕೊನೆಗೆ ಅವನ ಹಾಡು. ಅಳತೆ ಮತ್ತು ಪಕ್ಷ ಪೆನ್ಸಿಲಿನಲ್ಲಿ, ಹಾಡು ಮಾತ್ರ ಪೆನ್ನಿನಲ್ಲಿ. ಹೀಗ್ಯಾಕೆ ಎಂದು ಕೇಳಿದ್ದೆ. "ಮೈ ಬದಲಾಗತೈತಿ, ಪಕ್ಷ ಬದಲಾಗತೈತಿ, ಹಾಡ ಬದಲಾಗಂಗಿಲ್ರಿ" ಎಂದಿದ್ದರು. ಕೆಲವರ ಪಕ್ಷದ ಜಾಗದಲ್ಲಿ ರಬ್ಬರಿನಿಂದ ಅಳಿಸಿ ಅಳಿಸಿ ಕಾಗದವೇ ತೂತು ಬಿದ್ದಿತ್ತು.

ನನ್ನ ಹಾಡಿನ ಜಾಗದಲ್ಲಿ 'ಕೆಮ್ಮಿನದು' ಎಂದು ಬರೆದಿದ್ದರು. ಅದರ ಕಥೆ ಹೇಳಬೇಕು. ಕುಂದಗೋಳದ ಕಡೆ ಯಾರದೋ ಮನೆಯ ಪಡಸಾಲೆಯಲ್ಲಿ ಬಹಳ ಹಿಂದೆ ಒಂದು ಗಾಯನವಾಗಿತ್ತಂತೆ. ಕಾಕಾ ಕಂಬದ ಬಾಜು ಕೂತು ಕೇಳಿದ್ದರಂತೆ. ಅಲ್ಲಿ ಯಾರೋ ತುಂಬಿಕೊಂಡ ಕ್ಯಾಸೆಟ್ಟಿನ ಪ್ರತಿ ಅವರ ಹತ್ತಿರ ಇತ್ತು. ಆಲಾಪ ನಿಧಾನವಾಗಿ ಏರಿ, ಇನ್ನೇನು ತಬಲಾ ಬರಬೇಕು ಎನ್ನುವಾಗ ಯಾರೋ ಒಬ್ಬರು ಗಟ್ಟಿಯಾಗಿ ಕೆಮ್ಮುತ್ತಾರೆ. ಗಾಯಕರು ಅರೆಗಳಿಗೆ ನಿಂತು, ಮತ್ತೆ ಮೊದಲಿಗಿಂತ ಮೆತ್ತಗೆ ಸ್ವರ ಹಿಡಿಯುತ್ತಾರೆ. ಆ ಮೆತ್ತಗಿನ ಸ್ವರಕ್ಕೆ ನಾನು ಸೋತಿದ್ದೆ.

"ಆ ಕೆಮ್ಮು ನಂದರಿ" ಎನ್ನುತ್ತಿದ್ದರು ಕಾಕಾ, ತಾವೇ ಹಾಡಿದಷ್ಟು ಹೆಮ್ಮೆಯಿಂದ.

"ಸಭಾದಾಗ ನೀವೊಬ್ಬರ ಕೆಮ್ಮಿದ್ರೇನ್ರಿ ಕಾಕಾ?" ಎಂದು ನಾನು ಚೇಷ್ಟೆ ಮಾಡುತ್ತಿದ್ದೆ.

"ಕೆಮ್ಮಿದವರು ಬಾಳ ಮಂದಿ. ಟೇಪಿನ್ಯಾಗ ಬಂದಾವ ನಾ ಒಬ್ಬನ."

ನಾನು ನಂಬಿರಲಿಲ್ಲ. ಆದರೆ ನಗುತ್ತಿದ್ದೆ.

ಈಗ ಹಾಡು ಕೇಳುವ ರೀತಿ ನೋಡಿದರೆ ನನಗೆ ಸಿಟ್ಟು ಬರುತ್ತದೆ, ಮುಚ್ಚಿಟ್ಟು ಏನು ಮಾಡಲಿ? ಮೊಬೈಲಿನಲ್ಲಿ ಹೆಬ್ಬೆರಳು ಮೇಲೆ ತಳ್ಳಿದರೆ ಒಂದು ಹಾಡು, ಮತ್ತೆ ತಳ್ಳಿದರೆ ಇನ್ನೊಂದು. ಪಲ್ಲವಿಯೂ ಮುಗಿಯುವುದಿಲ್ಲ, ಕುಣಿತ ಮುಗಿದಿರುತ್ತದೆ. ಹಳೆಯ ಹಾಡುಗಳಿಗೂ ಕೆಳಗೆ ಧಡಧಡ ಸದ್ದು ಸೇರಿಸಿ ಚುನಾವಣೆಯ ಮೆರವಣಿಗೆಯಲ್ಲಿ ಎದೆ ನಡುಗುವಂತೆ ಹಚ್ಚುತ್ತಾರೆ. ರಾಜಕೀಯವೂ ಅದೇ ತಾಳಕ್ಕೆ ಬಿದ್ದಿದೆ. ಟೀವಿಯಲ್ಲಿ ನಾಲ್ಕು ಮಂದಿ ಒಟ್ಟಿಗೆ ಒದರುತ್ತಾರೆ, ಒಬ್ಬನ ಮಾತೂ ಮುಗಿಯುವುದಿಲ್ಲ. ತಮ್ಮ ಪಕ್ಷದ ತಪ್ಪನ್ನು ಬಾಯಿಬಿಟ್ಟು ಹೇಳುವ ಒಬ್ಬ ಮನುಷ್ಯನನ್ನು ತೋರಿಸಿ ನೋಡೋಣ. ಹೀಗೆಲ್ಲ ಭಾಷಣ ಬಿಗಿಯುವ ಹಕ್ಕು ನನಗಿದೆಯೇ ಎಂಬುದು ಬೇರೆ ಮಾತು. ಅದಕ್ಕೇ ಬರುತ್ತಿದ್ದೇನೆ.

ಕಾಕಾನ ಇನ್ನೊಂದು ಪದ್ಧತಿ ಎಂದರೆ, ಯಾವ ಪಕ್ಷದವನು ಬಂದರೂ ಅವನ ಪಕ್ಷದ ತಪ್ಪುಗಳನ್ನು ಅವನ ಎದುರೇ ಝಾಡಿಸುವುದು. ಅದೇ ಪಕ್ಷದ ಒಳ್ಳೆಯ ಕೆಲಸಗಳನ್ನು ಎದುರಾಳಿ ಪಕ್ಷದವನ ಮುಂದೆ ಹೊಗಳುವುದು. ಪುಸ್ತಕದಲ್ಲಿ ಪಕ್ಷ ಬರೆದುಕೊಳ್ಳುತ್ತಿದ್ದದ್ದೂ ಇದಕ್ಕಾಗಿಯೇ. "ಯಾರಿಗೆ ಯಾವುದು ಬೈಬೇಕು ಅನ್ನೂದು ಮರತ ಹೋಗಬಾರದಲ್ರಿ." ಚುನಾವಣೆ ಬಂದರೆ ಎಲ್ಲ ಪಕ್ಷಗಳ ಬಾವುಟವನ್ನೂ ಅವರೇ ಹೊಲಿಯುತ್ತಿದ್ದರು. ಬೈಸಿಕೊಂಡವರು ನಗುತ್ತ ಚಹಾ ತರಿಸುತ್ತಿದ್ದರು, ಯಾಕೆಂದರೆ ನಾಳೆ ಅದೇ ಬೆಂಚಿನ ಮೇಲೆ ಎದುರಿನವನ ಸರದಿ ಎಂಬುದು ಎಲ್ಲರಿಗೂ ಗೊತ್ತಿತ್ತು.

ಕೆಲವು ವರ್ಷಗಳ ಹಿಂದೆ ಒಂದು ಚುನಾವಣೆಯ ಸಮಯ. ಬೆಂಚಿನ ಮೇಲೆ ನಾವು ಮೂವರಿದ್ದೆವು. ಒಂದು ಪಕ್ಷದ ಒಬ್ಬ ಕಾರ್ಯಕರ್ತ, ಒಬ್ಬ ಕಾಳಿನ ವ್ಯಾಪಾರಿ, ಮತ್ತು ನಾನು. ಕಾಕಾ ರಂಗಿಗೆ ಬಂದಿದ್ದರು. ನಾನು ಮೊಬೈಲನ್ನು ತೊಡೆಯ ಮೇಲೆ ಇಟ್ಟುಕೊಂಡು ಅವರ ಮಾತನ್ನು ರೆಕಾರ್ಡ್ ಮಾಡಿ ತುಂಬಿಕೊಂಡೆ. ಮೊದಲು ಆ ಕಾರ್ಯಕರ್ತನ ಪಕ್ಷವನ್ನು ಬೆಂಡೆತ್ತಿದರು. ಆಮೇಲೆ ನನ್ನ ಕಡೆ ತಿರುಗಿ, ನಾನು ಒಪ್ಪುವ ಪಕ್ಷವನ್ನು ಅದಕ್ಕಿಂತ ಜೋರಾಗಿ ಬೆಂಡೆತ್ತಿದರು. ಅವನು ನಕ್ಕ, ನಾನೂ ನಕ್ಕೆ.

ಮನೆಗೆ ಬಂದು ಮೊದಲ ಅರ್ಧವನ್ನಷ್ಟೇ ಕತ್ತರಿಸಿ ಊರಿನವರ ಮೊಬೈಲ್ ಗ್ರೂಪಿಗೆ ಹಾಕಿದೆ. ಚೇಷ್ಟೆಗೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನಗೆ ಆ ಪಕ್ಷ ಕಂಡರೆ ಆಗುತ್ತಿರಲಿಲ್ಲ, ಕಾಕಾನ ಬಾಯಿಂದ ಅದಕ್ಕೆ ಬೈಗುಳ ಬಿದ್ದದ್ದಕ್ಕೆ ಹಾಲು ಕುಡಿದಷ್ಟು ಖುಷಿಯಾಗಿತ್ತು. ಸಂಜೆಯೊಳಗೆ ಅದು ಊರೂರು ಸುತ್ತಿತು. ಒಬ್ಬರಿಂದ ಒಬ್ಬರಿಗೆ ದಾಟುತ್ತ ಯಾರು ಕಳಿಸಿದ್ದು ಎಂಬುದು ಕಳೆದು ಹೋಗಿ, ಟೇಲರನ ದನಿಯಷ್ಟೇ ಉಳಿಯಿತು.

ಮರುದಿನದಿಂದ ಆ ಪಕ್ಷದವರು, ಬೆಂಚಿನ ಮೇಲೆ ಕೂತು ನಕ್ಕಿದ್ದ ಆ ಕಾರ್ಯಕರ್ತನೂ ಸೇರಿ, ಒಬ್ಬೊಬ್ಬರೇ ಬಂದು ಹೊಲಿಯಲು ಕೊಟ್ಟಿದ್ದ ಬಟ್ಟೆಯನ್ನು ವಾಪಸು ಒಯ್ದರು. ಯಾರೂ ಬಡಿದಾಡಲಿಲ್ಲ, ಒದರಲಿಲ್ಲ. "ನಮ್ಮ ಅರಿವಿ ಕೊಡ್ರಿ" ಎಂದು ಕೈ ಚಾಚಿದರು, ಅಷ್ಟೇ. ಗಾಬರಿಯಾಗಿ ನಾನು ಮೊಬೈಲಿನಲ್ಲಿದ್ದ ಇಡೀ ಮಾತನ್ನೇ ಅಳಿಸಿಬಿಟ್ಟೆ. ಉಳಿದ ಅರ್ಧವನ್ನು ಅದೇ ಗ್ರೂಪಿಗೆ ಹಾಕಿದ್ದರೆ ಅವರ ಮಾನ ಉಳಿಯುತ್ತಿತ್ತು. ಆ ಬುದ್ಧಿ ಬರುವಷ್ಟರಲ್ಲಿ ಕೈಯಲ್ಲಿ ಏನೂ ಇರಲಿಲ್ಲ.

ಎರಡು ದಿನ ಬಿಟ್ಟು ಅಂಗಡಿಗೆ ಹೋದೆ. ಟೇಪ್ ರೆಕಾರ್ಡರಿನ ಮೇಲೆ ಒಂದು ತುಂಡು ಬಟ್ಟೆ ಹೊದಿಸಿದ್ದರು. ಕಾಕಾ ಗುಂಡಿ ಹಚ್ಚುತ್ತಿದ್ದರು. ತಲೆ ಎತ್ತಲಿಲ್ಲ.

"ಅಂಗಿ ಹೊಲದ ಮ್ಯಾಲ ಉಳದ ಅರಿವಿ ಗಿರಾಕಿಗೆ ಕೊಡೂದು ನಮ್ಮ ಧರ್ಮ್ರಿ ಮಾಸ್ತರ್ರ" ಎಂದರು. ದಾರ ಕಚ್ಚಿ ಹರಿದು, ನನ್ನನ್ನು ನೋಡಿದರು. "ನನ್ನ ಮಾತಿನ್ಯಾಗ ಉಳದದ್ದ ಎಲ್ಲೈತ್ರಿ?"

ಅವರಿಗೆ ಗೊತ್ತಿತ್ತು. ನಾನು ಏನಾದರೂ ಹೇಳಬೇಕಿತ್ತು... ಶಾಲೆಗೆ ಹೊತ್ತಾಯಿತು ಎಂದೆ. ಇಪ್ಪತ್ತು ವರ್ಷ ಮಕ್ಕಳಿಗೆ ಖರೇ ಮಾತಾಡಿರಿ ಎಂದು ಕಲಿಸಿದ ಬಾಯಿ ಅದು.

ಆಮೇಲೆ ಕಾಕಾ ಯಾರ ಮುಂದೆಯೂ ರಾಜಕೀಯ ಆಡಲಿಲ್ಲ. ಟೇಪು ಹಚ್ಚಲಿಲ್ಲ. ಉಳಿದ ಗಿರಾಕಿಗಳಿಗೆ ಸುಮ್ಮನೆ ನಿಂತು ಅಳತೆ ತೆಗೆಯುತ್ತಿದ್ದರಂತೆ. "ಕಾಕಾನ ಕೈ ಕೆಟ್ಟೈತಿ, ಅಂಗಿ ಬಿಗಿ ಆಗಾಕತ್ಯಾವ" ಎಂದು ಜನ ಆಡಿಕೊಂಡರು. ಕೆಟ್ಟದ್ದು ಕೈಯಲ್ಲ ಎಂದು ಊರಲ್ಲಿ ಗೊತ್ತಿದ್ದವನು ನಾನೊಬ್ಬ. ಶಾಲೆಗೆ ಬೇರೆ ದಾರಿ ಇರಲಿಲ್ಲ. ದಿನಕ್ಕೆ ಎರಡು ಸಲ ಆ ಅಂಗಡಿಯ ಮುಂದೆ ತಲೆ ತಗ್ಗಿಸಿಕೊಂಡು ದಾಟುತ್ತಿದ್ದೆ. ಹೀಗೆ ಒಂದೂವರೆ ವರ್ಷ ಕಳೆಯಿತು.

ದೀಪಾವಳಿಗೆ ಹೆಂಡತಿ ನನಗೆ ಹೇಳದೆ ಕಾಕಾನ ಹತ್ತಿರ ಬಟ್ಟೆ ಕೊಟ್ಟು ಬಂದಿದ್ದಳು. ಹಬ್ಬದ ಮುಂಜಾನೆ ಬೂದು ಅಂಗಿಯನ್ನು ಕೈಗೆ ಕೊಟ್ಟಳು. ಆ ಒಂದೂವರೆ ವರ್ಷದಲ್ಲಿ ನನ್ನ ಹೊಟ್ಟೆ ಎರಡು ಇಂಚಾದರೂ ಬಂದಿತ್ತು, ಹಳೆಯ ಅಂಗಿಗಳ ಗುಂಡಿ ಕೂಡುತ್ತಿರಲಿಲ್ಲ. ಈ ಅಂಗಿ ಮಾತ್ರ ಮೈಗೆ ಹೇಳಿ ಮಾಡಿಸಿದಂತೆ ಕೂತಿತು. ಜೇಬಿನಲ್ಲಿ ಉಳಿದ ಬಟ್ಟೆಯ ತುಂಡನ್ನು ಮಡಚಿ ಇಟ್ಟಿದ್ದರು.

"ಅಳತಿ ಎಲ್ಲಿಂದ ಕೊಟ್ಟಿ?" ಎಂದು ಕೇಳಿದೆ.

"ನಾ ಎಲ್ಲಿ ಕೊಡ್ಲಿ? ಹಳೇ ಅಂಗಿ ಕೊಡ್ಲೇನ್ರಿ ಅಂದೆ. ಬ್ಯಾಡವಾ, ಮಾಸ್ತರ್ರು ದಿನಾ ಇಲ್ಲೇ ಹಾಯ್ತಾರ, ನೋಡತಿರತೀನಿ ಅಂದ್ರು."

ನಾನು ಕಣ್ಣು ತಪ್ಪಿಸಿ ಓಡಾಡಿದ ಅಷ್ಟೂ ದಿನ ಅವರು ನನ್ನ ಅಳತೆ ತೆಗೆಯುತ್ತಿದ್ದರು! ಹಬ್ಬದ ದಿನ ಹೆಂಡತಿಯ ಮುಂದೆ ಅತ್ತುಬಿಟ್ಟೆ. ಅಂಗಿ ಬಿಚ್ಚಿ ಇಟ್ಟೆ. ಇದನ್ನು ಹಾಕಿಕೊಂಡು ಮೊದಲು ಅವರ ಅಂಗಡಿಗೇ ಹೋಗಬೇಕು, ಆ ಬೆಂಚಿನ ಮೇಲೆ ಕೂತು ತಪ್ಪಾಯಿತು ಎನ್ನಬೇಕು ಎಂದುಕೊಂಡೆ. ಪರೀಕ್ಷೆ ಮುಗಿಯಲಿ ಎಂದೆ. ಸಂಕ್ರಮಣ ಕಳೆಯಲಿ ಎಂದೆ. ಹೇಡಿಗೆ ಪಂಚಾಂಗದ ತುಂಬ ನೆಪಗಳಿರುತ್ತವೆ. ಸಂಕ್ರಮಣಕ್ಕಿಂತ ಮೊದಲೇ, ಮಷೀನಿನ ಮೇಲೆ ತಲೆ ಇಟ್ಟು ಮಲಗಿದವರು ಏಳಲಿಲ್ಲ ಎಂದು ಸುದ್ದಿ ಬಂತು...

ದಿನಕರ್ಮಗಳೆಲ್ಲ ಮುಗಿದ ಮೇಲೆ ಅವರ ಹೆಂಡತಿ, ನಾವೆಲ್ಲ ಕಾಕು ಎನ್ನುತ್ತಿದ್ದ ಆ ತಾಯಿ, ನನ್ನನ್ನು ಕರೆಸಿದರು. ಎದುರಿಗೆ ಅಳತೆಯ ಪುಸ್ತಕ ತೆರೆದಿತ್ತು. ನನ್ನ ಸೊಂಟದ ಅಳತೆಯನ್ನು ಪೆನ್ಸಿಲಿನಿಂದ ತಿದ್ದಿ ಎರಡು ಇಂಚು ಏರಿಸಿದ್ದರು. ಪಕ್ಷದ ಜಾಗವನ್ನು ಅಳಿಸಿ ಖಾಲಿ ಬಿಟ್ಟಿದ್ದರು. ಪೆನ್ನಿನಲ್ಲಿ ಬರೆದ 'ಕೆಮ್ಮಿನದು' ಹಾಗೆಯೇ ಇತ್ತು. "ಇದು ನಿಮ್ಮ ಹಾಡಂತಲ್ಲ, ಒಯ್ರಿ" ಎಂದು ಕಾಕು ಕ್ಯಾಸೆಟ್ಟನ್ನು ನನ್ನ ಕೈಯಲ್ಲಿಟ್ಟರು. ಅವರ ಮುಂದೆಯೂ ತಪ್ಪಾಯಿತು ಎನ್ನುವ ಬದಲು ಬರುತ್ತೇನೆ ಎಂದು ಎದ್ದು ಬಂದೆ.

ಹುಬ್ಬಳ್ಳಿಯಲ್ಲಿ ಒಬ್ಬರ ಹತ್ತಿರ ಅದನ್ನು ಮೊಬೈಲಿಗೆ ಹಾಕಿಸಿಕೊಂಡೆ. ಕಾಕಾನ ಮಾತನ್ನು ಕತ್ತರಿಸಿದ ಅದೇ ಮೊಬೈಲು.

ಪಾತ್ರೆಯ ಹೆಂಗಸು ಹೋದ ಮೇಲೆ ಬೂದು ಅಂಗಿಯನ್ನು ಹಾಕಿಕೊಂಡೆ. ಸಕ್ಕರೆ ಕಾಯಿಲೆ ಬಂದು ಸೊರಗಿದ್ದೇನೆ, ಅಂಗಿ ಈಗ ಜೋತಾಡುತ್ತದೆ. ಹಿಡಿದು ಹೊಲಿಯಿರಿ ಎನ್ನಲು ಯಾರೂ ಇಲ್ಲ. ಕಟ್ಟೆಯ ಮೇಲೆ ಕೂತು ಹಾಡು ಹಚ್ಚಿದೆ. ಆಲಾಪ ನಿಧಾನವಾಗಿ ಏರಿತು. ಕಾಕಾ ಇಷ್ಟು ವರ್ಷ ಆಡಿದ ಮಾತುಗಳಲ್ಲಿ ಅವರ ದನಿಯಲ್ಲಿ ಈಗ ಒಂದೂ ನನ್ನ ಹತ್ತಿರ ಇಲ್ಲ, ಇದ್ದದ್ದನ್ನು ನಾನೇ ಅಳಿಸಿದೆ. ಮೊದಲೆಲ್ಲ ಆ ಕೆಮ್ಮಿನ ನಂತರ ಬರುವ ಸ್ವರಕ್ಕೆ ಕಾಯುತ್ತಿದ್ದೆ. ಈಗ ಕೆಮ್ಮಿಗೇ ಕಾಯುತ್ತೇನೆ. ಅದು ಅವರದೇ. ನನಗೆ ಈಗ ಸಂಶಯವಿಲ್ಲ.