ಬಾತುಬಳ್ಳಿ ಹೂಬಿಟ್ಟ ಮನೆ

ಸಂಡೂರಿನ ಕಡೆಯ ಒಂದು ಗಣಿಯಲ್ಲಿ ನನ್ನದು ಲಾರಿ ತೂಗಿಸುವ ಕೆಲಸ. ಅದಿರು ತುಂಬಿದ ಲಾರಿ ತೂಕದ ಕಟ್ಟೆ ಹತ್ತುತ್ತದೆ, ಪರದೆಯ ಮೇಲೆ ಅಂಕಿ ಮೂಡುತ್ತದೆ, ನಾನು ಚೀಟಿ ಹರಿದು ಕೊಡುತ್ತೇನೆ. ಕೇಳುವುದಕ್ಕೆ ಸುಲಭ. ಆದರೆ ಮಳೆಯಿಲ್ಲದ ದಿನ ಟಾರ್ಪಾಲು ಯಾಕೆ ಒದ್ದೆಯಾಗಿದೆ, ಕ್ಲೀನರ್ ಯಾಕೆ ಕ್ಯಾಬಿನ್ನಿನಿಂದ ಇಳಿಯಲಿಲ್ಲ, ಎಂದೂ ಮಾತಾಡದ ಡ್ರೈವರ್ ಇವತ್ತು ಯಾಕೆ ಚಹಾ ಆಯ್ತಾ ಎಂದು ವಿಚಾರಿಸಿದ, ಇದನ್ನೆಲ್ಲ ಗಮನಿಸುವುದೇ ನಿಜವಾದ ಕೆಲಸ. ಅನುಮಾನ ಪಡುವುದಕ್ಕೆಂದೇ ನನಗೆ ಸಂಬಳ ಕೊಡುತ್ತಾರೆ. ಇಂಥವನ ಮೇಲೆಯೇ ಇನ್ನೊಬ್ಬರು ಅನುಮಾನಪಟ್ಟರೆ ಹೇಗಿರುತ್ತದೆ ಎನ್ನುವುದು ಒಂದು ಹೂವಿನ ದೆಸೆಯಿಂದ ತಿಳಿಯಿತು.

ಆಗ ನಾವು ಹೊಸಪೇಟೆಯಲ್ಲಿ ಕಾಲುವೆಗೆ ಹತ್ತಿರದ ಒಂದು ಮನೆಯಲ್ಲಿ ಬಾಡಿಗೆಗೆ ಇದ್ದೆವು. ಕೆಳಗೆ ನಾನು, ಹೆಂಡತಿ, ಮಗಳು. ಮೇಲೆ ಮನೆಯ ಮಾಲೀಕರು. ಯಜಮಾನರಿಗೆ ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇತ್ತು, ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆಯೇ ಬರುತ್ತಿದ್ದರು. ಮನೆಯ ಕಾರುಬಾರೆಲ್ಲ ಅವರ ಹೆಂಡತಿಯದು. ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕದ ಹೆಂಗಸು. ಬೀಗದ ಕೈ ಕೊಡುವ ಮುಂಚೆ ನಮ್ಮ ಊರು, ಮನೆತನ ಎಲ್ಲ ವಿಚಾರಿಸಿಕೊಂಡು ಆಕೆ ಒಂದೇ ಮಾತು ಹೇಳಿದ್ದರು.

"ನೀವು ಏನ್ ಉಣ್ತೀರೋ ಅದು ನಿಮಗ ಬಿಟ್ಟಿದ್ದು. ಈ ಮನ್ಯಾಗ ಮಾತ್ರ ಬ್ಯಾಡ್ರಿ."

ಒಪ್ಪಿಕೊಂಡೆವು. ನಮಗೆ ಬಾಯಿ ಕೆಟ್ಟಾಗ ಬುಕ್ಕಸಾಗರದಲ್ಲಿರುವ ಹೆಂಡತಿಯ ತವರಿಗೆ ಹೋಗಿ, ಹೊಟ್ಟೆ ತುಂಬ ಹೊಳೆಯ ಮೀನು ಉಂಡು, ಅಲ್ಲೇ ಸ್ನಾನ ಮುಗಿಸಿ ಬರುತ್ತಿದ್ದೆವು. ಆ ಮನೆಯ ಹೊಸಿಲಿನೊಳಗೆ ಒಂದು ಮೊಟ್ಟೆಯೂ ಬರಲಿಲ್ಲ. ಇದನ್ನು ಈಗಲೂ ಎದೆ ಮುಟ್ಟಿಕೊಂಡು ಹೇಳುತ್ತೇನೆ, ಕೇಳುವವರು ಯಾರೂ ಇಲ್ಲದಿದ್ದರೂ.

ನನಗೆ ಹೂವಿನ ಹುಚ್ಚು. ಅದೂ ಮಲ್ಲಿಗೆ, ದಾಸವಾಳದಂಥ ಮರ್ಯಾದಸ್ಥ ಹೂಗಳದಲ್ಲ. ಎಲ್ಲೋ ಮಳೆಕಾಡುಗಳಲ್ಲಿ ಬೆಳೆಯಬೇಕಾದ್ದನ್ನು ಈ ಸುಡುವ ಊರಿನಲ್ಲಿ ಬೆಳೆಸಬೇಕೆನ್ನುವ ಹಟ. ಬಾವಲಿಯ ಹಾಗೆ ರೆಕ್ಕೆ ಚಾಚಿ ಉದ್ದುದ್ದ ಮೀಸೆ ಬಿಡುವ ಕಪ್ಪು ಹೂವಿತ್ತು. ಮುತ್ತಿನ ಗೊಂಚಲಿನಂತೆ ಬಿಳಿ ಮೊಗ್ಗು ತೂಗಿಬಿಡುವ ಶುಂಠಿಯ ಜಾತಿಯ ಗಿಡವಿತ್ತು. ಹಿತ್ತಿಲಿಗೆಲ್ಲ ಹಸಿರು ಬಲೆ ಕಟ್ಟಿ, ಗೋಣಿಚೀಲ ನೆನೆಸಿ ಸುತ್ತ ತೂಗುಹಾಕಿ, ಹಂಪಿಯ ತೋಟಗಳಲ್ಲಿ ಗೊನೆ ಕಡಿದು ಬಿಟ್ಟ ಬಾಳೆದಿಂಡು ತಂದು ಕೊಚ್ಚಿ ಬುಡಕ್ಕೆ ಹಾಕುತ್ತಿದ್ದೆ. ಕೆಲಸದಿಂದ ಬಂದವನು ಮೊದಲು ಎಲೆಗಳ ಮೇಲಿನ ಧೂಳು ತೊಳೆದು ಆಮೇಲೆ ನನ್ನ ಮುಖ ತೊಳೆಯುತ್ತಿದ್ದೆ. ಹೆಂಡತಿ ಇದಕ್ಕೆ ನಗುತ್ತಿದ್ದಳು, ಒಮ್ಮೊಮ್ಮೆ ನಗುತ್ತಿರಲಿಲ್ಲ.

ಮಾಲೀಕರ ಹೆಂಡತಿಗೆ ನನ್ನ ಹಿತ್ತಿಲೆಂದರೆ ಅಕ್ಕರೆ. ಬೆಳಿಗ್ಗೆ ಮಡಿಯಲ್ಲಿ ಹಿತ್ತಾಳೆಯ ತಟ್ಟೆ ಹಿಡಿದು ಇಳಿದು ಬರುವರು, ಪೂಜೆಗೆ ಬೇಕಾದಷ್ಟು ಬಿಡಿಸಿಕೊಳ್ಳುವರು. ಹೆಸರು ಗೊತ್ತಿಲ್ಲದ ಹೂವು ಶಿವನಿಗೆ ಭಾಳ ಸೇರತಾವ ಎಂದು ಅವರದೇ ಒಂದು ಶಾಸ್ತ್ರ. ನನ್ನ ಗಿಡದ ಹೂವು ಮೇಲಿನ ಮನೆಯ ದೇವರ ಮುಂದೆ ಕೂತಿದೆ ಎನ್ನುವುದು ನನಗೂ ಹೆಮ್ಮೆಯ ವಿಷಯವಾಗಿತ್ತು.

ಬಾತುಬಳ್ಳಿ ಬಂದಿದ್ದು ಹಂಪಿಯಿಂದ. ಅಲ್ಲಿ ಗೆಸ್ಟ್ ಹೌಸ್ ನಡೆಸುವ ಗೆಳೆಯನೊಬ್ಬ ಒಂದು ಸಸಿ ಕೊಟ್ಟು, "ಮೊಗ್ಗು ಬಾತುಕೋಳಿ ಇದ್ದಂಗ ಇರತೈತಿ ನೋಡು, ಹೂವು ಹರಿವಾಣದಷ್ಟು ಅಗಲ" ಎಂದಿದ್ದ. ವಾಸನೆಯ ವಿಷಯ ಹೇಳಲಿಲ್ಲ. ಅವನಿಗೆ ಗೊತ್ತಿರಲಿಲ್ಲವಂತೆ. ಗೊತ್ತಿದ್ದೇ ಕೊಟ್ಟ ಎಂದು ನನಗೆ ಇವತ್ತಿಗೂ ಗುಮಾನಿ.

ಬಳ್ಳಿಯನ್ನು ಹಿತ್ತಿಲ ಗೋಡೆಯ ಬುಡದಲ್ಲಿ ನೆಲಕ್ಕೇ ನೆಟ್ಟೆ. ಎರಡನೆಯ ಮಳೆಗಾಲಕ್ಕೆ ನಮ್ಮ ಅಡಿಗೆಮನೆಯ ಕಿಟಕಿಯನ್ನು ಮುಚ್ಚುವಷ್ಟು ಹಬ್ಬಿ ಮೊಗ್ಗು ಕಟ್ಟಿತು. ಅದು ಅರಳಿದ ದಿನ ನಾನು ಬೆಳಗಿನ ಜಾವದ ಪಾಳಿಗೆ ಹೋಗಿಬಿಟ್ಟಿದ್ದೆ. ಹತ್ತು ಗಂಟೆಯ ಹೊತ್ತಿಗೆ ಹೆಂಡತಿ ಫೋನು ಮಾಡಿದಳು. ಮನೆಯಲ್ಲಿ ಏನೋ ಸತ್ತಿದೆ, ಇಲಿಯೋ ಹೆಗ್ಗಣವೋ, ಮಂಚದ ಕೆಳಗೆ, ಅಟ್ಟದ ಮೇಲೆ ಎಲ್ಲ ಹುಡುಕಿದೆ ಸಿಗುತ್ತಿಲ್ಲ ಎಂದಳು. ಅಷ್ಟರಲ್ಲಿ ಮೇಲಿನವರು ಇಳಿದು ಬಂದಿದ್ದರು. ಒಳಗೆ ಬರದೆ ಬಾಗಿಲಲ್ಲೇ ನಿಂತು ಸೆರಗಿನಿಂದ ಮೂಗು ಮುಚ್ಚಿಕೊಂಡು ಕೇಳಿದರಂತೆ.

"ಏನ್ ಅಡಿಗಿ ಮಾಡೀಯವ್ವಾ ಇವತ್ತ?"

"ರೊಟ್ಟಿ, ಪುಂಡಿಪಲ್ಯ ಅಕ್ಕಾರ."

"ಪುಂಡಿಪಲ್ಯ ಹಿಂಗ ನಾರತೈತೇನು?"

ಸಂಜೆ ನಾನು ಬಂದು ಹಿತ್ತಿಲಿಗೆ ಕಾಲಿಟ್ಟ ಕೂಡಲೇ ಕಳ್ಳ ಸಿಕ್ಕಿಬಿದ್ದ. ಗೋಡೆಯ ಮೇಲೆ ಹೂವು ಹರಡಿಕೊಂಡಿತ್ತು. ಬಿಳಿಚು ಬಣ್ಣದ ಮೇಲೆ ಕೆಂಗಪ್ಪು ನರಗಳು, ನಡುವೆ ಕತ್ತಲೆಯಂಥ ಗಂಟಲು, ಮುತ್ತಿಕೊಂಡ ನೊಣಗಳು. ಹೆಂಡತಿ ನೋಡಿ, "ಕುರಿ ಬೋಟಿ ತೊಳದು ಹರವಿದಂಗೈತಿ" ಎಂದಳು. ಮೆಲ್ಲಗೆ ಮಾತಾಡು ಎಂದು ನಾನು ಮೇಲಿನ ಕಿಟಕಿಯತ್ತ ಕಣ್ಣು ಮಾಡಿದೆ. ನಮ್ಮಿಬ್ಬರಿಗೂ ನಗು ತಡೆಯಲಾಗಲಿಲ್ಲ. ಬೆಳಿಗ್ಗೆ ತೋರಿಸಿದರೆ ಎಲ್ಲ ಬಗೆಹರಿಯುತ್ತದೆಂದೇ ತಿಳಿದಿದ್ದೆವು.

ಮರುದಿನ ರಜೆ ಹಾಕಿ, ಬೆಳಿಗ್ಗೆ ಮಾಲೀಕರ ಹೆಂಡತಿಯನ್ನು ಕರೆದುಕೊಂಡು ಬಂದು ಹೂವಿನ ಮುಂದೆ ನಿಲ್ಲಿಸಿದೆ. ಅವರು ಬಗ್ಗಿದರು. ಮೂಗಿನಿಂದ ಸೆರಗು ತೆಗೆದರು. ಇನ್ನಷ್ಟು ಬಗ್ಗಿದರು.

"ತಮ್ಮಾ, ಇದಕ್ಕ ಯಾವ ವಾಸನಿನೂ ಇಲ್ಲ."

ನಾನೂ ಮೂಗು ಇಟ್ಟು ನೋಡಿದೆ. ನಿಜವಾಗಿಯೂ ಇರಲಿಲ್ಲ. ಹಿಂದಿನ ದಿನ ಬೀದಿಗೆ ಬೀದಿಯೇ ಮೂಗು ಹಿಡಿಯುವಂತೆ ಮಾಡಿದ್ದು ಈಗ ಏನೂ ಅರಿಯದ ಕೂಸಿನ ಹಾಗೆ ತೂಗಾಡುತ್ತಿತ್ತು. ಆಮೇಲೆ ಮೊಬೈಲಿನಲ್ಲಿ ಹುಡುಕಿ ಓದಿದೆ. ಈ ಹೂವು ನಾರುವುದು ಅರಳಿದ ದಿನ ಮಾತ್ರ. ನೊಣವನ್ನು ಕರೆದು ಒಳಗೆ ಹಾಕಿಕೊಂಡ ಮೇಲೆ ಅದಕ್ಕೆ ವಾಸನೆಯ ಕೆಲಸವಿಲ್ಲ. ಓದಿದ್ದನ್ನು ಮೇಲೆ ಹೋಗಿ ತೋರಿಸಿದೆ. ಅವರು ಚಸ್ಮಾ ಹಾಕಿಕೊಳ್ಳಲಿಲ್ಲ.

"ಮೊಬೈಲಿನ್ಯಾಗ ಏನ್ ಬೇಕಾದ್ರೂ ಬರತೈತಿ. ನಾ ಏನೂ ಅನ್ನಂಗಿಲ್ಲ ತಮ್ಮಾ. ನಿಮ್ಮ ಮನಸ್ಸಿಗೆ ನೀವ ಕೇಳ್ಕಳ್ರಿ."

ಬಾಯಿ ಮಾಡಿದ್ದರೆ ನಾನೂ ಬಾಯಿ ಮಾಡಬಹುದಿತ್ತು. ಆಕೆ ಜಗಳವಾಡುವ ಜಾತಿಯವರಲ್ಲ. ಹೆಪ್ಪಿಗೆ ಮೊಸರು ಕೇಳಲು ಬರುವುದು ನಿಂತಿತು. ಅಮಾವಾಸ್ಯೆಗೆ ಮೇಲಿನಿಂದ ಬರುತ್ತಿದ್ದ ಹೋಳಿಗೆ ಬರಲಿಲ್ಲ. ಕಸದ ಗಾಡಿ ಬರುವ ಹೊತ್ತಿಗೆ ಸರಿಯಾಗಿ ಅವರಿಗೆ ಗೇಟಿನ ಹತ್ತಿರ ಏನಾದರೂ ಕೆಲಸ ಇರುತ್ತಿತ್ತು, ಕಣ್ಣು ನಮ್ಮ ಬಕೆಟ್ಟಿನ ಮೇಲೆ. ಇದೆಲ್ಲವನ್ನೂ ಸಹಿಸಿದೆ. ಆದರೆ ಹೂವು ಬಿಡಿಸಲು ಬರುವುದನ್ನೂ ಬಿಟ್ಟರಲ್ಲ, ಅದನ್ನು ಸಹಿಸಲಾಗಲಿಲ್ಲ. ಅಂಗಡಿಯ ಚೆಂಡುಹೂವು ಮೇಲೆ ಹೋಗತೊಡಗಿತು. ನನ್ನ ಹಿತ್ತಿಲಿನ ಹೂವು ದೇವರಿಗೆ ಆಗದ ಹೂವಾಯಿತು.

ನಾನೇನು ಸುಮ್ಮನಿದ್ದವನಲ್ಲ. ಬಳ್ಳಿಯಲ್ಲಿ ಇನ್ನೊಂದು ಮೊಗ್ಗು ಕಟ್ಟಿ, ಬಲಿಯುವ ಮೊದಲೇ ಉದುರಿತು. ಬಿಸಿಲಿಗೆ ಉದುರುವುದುಂಟು. ನನಗೆ ಮಾತ್ರ ಅದು ತಾನಾಗಿ ಉದುರಿದ್ದೆಂದು ಅನಿಸಲಿಲ್ಲ. ತೊಟ್ಟನ್ನು ಬೆಳಕಿಗೆ ಹಿಡಿದು ಉಗುರಿನ ಗುರುತು ಹುಡುಕಿದೆ. ಮೇಲಿನಿಂದ ನೀರು ಚೆಲ್ಲಿದ ಸದ್ದಾದರೆ ಸಾಕು, ಸೋಪಿನ ನೀರೇ ಇರಬೇಕೆಂದು ಹಿತ್ತಿಲಿಗೆ ಓಡುತ್ತಿದ್ದೆ. ಆಕೆ ನಮ್ಮ ಬಕೆಟ್ಟು ನೋಡುತ್ತಿದ್ದರು, ನಾನು ಆಕೆಯ ಕೈ ನೋಡುತ್ತಿದ್ದೆ.

ಅಷ್ಟರಲ್ಲಿ ಯಜಮಾನರು ಒಂದು ಭಾನುವಾರ ನನ್ನನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡರು. ಪಾಪ, ಅವರಿಗೆ ಈ ಮಾತು ಬೇಕಿರಲಿಲ್ಲ. "ಅವಸರೇನಿಲ್ರಿ. ಬ್ಯಾರೆ ಮನಿ ನೋಡ್ಕಳ್ರಿ ಅಷ್ಟ. ಆಕೀ ಮನಸ್ಸಿನ್ಯಾಗ ಹೊಕ್ಕೈತಿ, ಹೋಗವಲ್ದು" ಎಂದರು. ಮನೆ ಹೋದರೆ ಹೋಗಲಿ ಎನ್ನುವಂತಿರಲಿಲ್ಲ. ಮಗಳ ಶಾಲೆ ಪಕ್ಕದ ಬೀದಿಯಲ್ಲೇ ಇತ್ತು. ಅದಕ್ಕಿಂತ ಹೆಚ್ಚಾಗಿ, ಈಗ ಬಿಟ್ಟುಹೋದರೆ ಮಾತು ಕೊಟ್ಟು ಕದ್ದು ಬೇಯಿಸಿಕೊಂಡು ತಿಂದವರು ಎನ್ನುವ ಹೆಸರು ಹೊತ್ತುಕೊಂಡೇ ಹೋಗಬೇಕಿತ್ತು. ಮುಂದಿನ ಹೂವಿನವರೆಗೆ ಅವಕಾಶ ಕೊಡಿ ಎಂದು ಕೇಳಿಕೊಂಡೆ. ಒಬ್ಬ ಗಂಡಸು ಹೂವಿಗಾಗಿ ಗಡುವು ಕೇಳಿದ್ದನ್ನು ಅವರು ಗಿರಣಿಯಲ್ಲಿ ಹೇಳಿ ನಕ್ಕಿದ್ದರೂ ನಕ್ಕಿರಬಹುದು.

ಶ್ರಾವಣದಲ್ಲಿ ಮತ್ತೊಂದು ಮೊಗ್ಗು ಬಲಿಯಿತು. ಅದರ ಕೊಕ್ಕು ಉಬ್ಬಿದ ದಿನದಿಂದ ಪಾಳಿ ಬದಲಿಸಿಕೊಂಡು ಬೆಳಿಗ್ಗೆ ಮನೆಯಲ್ಲೇ ಇದ್ದೆ. ಒಂದು ಮುಂಜಾನೆ ವಾಸನೆ ನನ್ನನ್ನು ಎಬ್ಬಿಸಿತು. ಸತ್ತ ಹೆಗ್ಗಣದ ವಾಸನೆಗೆ ಹಾಗೆ ಸಂತೋಷಪಟ್ಟವನು ಈ ಸೀಮೆಯಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ. ಮೆಟ್ಟಿಲು ಹತ್ತಿ ಬಾಗಿಲು ಬಡಿದೆ.

"ಅಕ್ಕಾರ, ಜಲ್ದಿ ಬರ್ರಿ. ನಮ್ಮ ಒಲಿ ಇನ್ನಾ ಹಚ್ಚಿಲ್ಲ. ಅದನ್ನೂ ನೋಡ್ರಿ, ಹೂವನ್ನೂ ನೋಡ್ರಿ."

ಬಂದರು. ಮೊದಲು ಅಡಿಗೆಮನೆಯ ಬಾಗಿಲಲ್ಲಿ ನಿಂತು ಒಲೆ ನೋಡಿದರು, ತೊಳೆದು ಬೋರಲು ಹಾಕಿದ ಪಾತ್ರೆ ನೋಡಿದರು. ಆಮೇಲೆ ಹಿತ್ತಿಲಿಗೆ ಬಂದು ಹೂವಿನ ಹತ್ತಿರ ಮುಖ ಒಯ್ದವರು ವಾಕರಿಸಿ ಹಿಂದಕ್ಕೆ ಸರಿದರು. ಹೆಂಡತಿ ಅವರ ಕೈ ಹಿಡಿದು ಕಲ್ಲಿನ ಮೇಲೆ ಕೂಡಿಸಿದಳು. ಅವರು ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಖರೆ ಐತಿ. ಹೂವಿಂದ ವಾಸನಿ."

ನನಗೆ ಕಣ್ಣಲ್ಲಿ ನೀರೇ ಬಂತು. ಗೆದ್ದೆನೆಂದುಕೊಂಡೆ. ಅವರು ಎದ್ದು ಸೆರಗು ಸರಿಪಡಿಸಿಕೊಂಡರು, ಬಳ್ಳಿಯಿಂದ ನಮ್ಮ ಅಡಿಗೆಮನೆಯ ಕಿಟಕಿಯ ತನಕ ಒಮ್ಮೆ ಕಣ್ಣು ಹಾಯಿಸಿದರು, ಆಮೇಲೆ ನಿಧಾನಕ್ಕೆ ಹೇಳಿದರು.

"ಅಂದ್ರ ಇದು ಬಿಟ್ಟ ದಿನ ನೀವು ಒಳಗ ಏನ್ ಬೇಸಿದ್ರೂ ನಮಗ ಗೊತ್ತಾಗಂಗಿಲ್ಲ. ಇದಕ್ಕ ಏನ್ರಿ, ಇದನ್ನ ಹುಡುಕಿ ತಂದು ಕಿಟಕಿ ಬಾಜೂಕ ಹಚ್ಚಿದ್ದು?"

ನನಗೆ ಸಿಟ್ಟು ಬಂದದ್ದು ಆಮೇಲೆ. ಮೊದಲು ಬಂದದ್ದು, ಛೇ, ಇದು ನನಗೆ ಹೊಳೆಯಲೇ ಇಲ್ಲವಲ್ಲ ಎಂಬ ಯೋಚನೆ. ಅವರ ಜಾಗದಲ್ಲಿ ನಾನಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ, ಇನ್ನೂ ಜಲ್ದಿ ಕೇಳುತ್ತಿದ್ದೆ.

"ಬಳ್ಳಿ ಕಡದು ಹಾಕ್ರಿ. ಆರಾಮ ಇರ್ರಿ. ನಂದೇನೂ ಇಲ್ಲ" ಎಂದು ಅವರು ಮೆಟ್ಟಿಲು ಹತ್ತಿದರು.

ನಾನು ಕುಡುಗೋಲು ತಂದೆ. ಸುಳ್ಳೇಕೆ, ಕಡಿದುಬಿಡುತ್ತಿದ್ದೆ. ಬಳ್ಳಿ ಹೋದರೆ ಮನೆ ಉಳಿಯುತ್ತದೆ, ಮಗಳ ಶಾಲೆ ಉಳಿಯುತ್ತದೆ. ಹೆಂಡತಿ ನನ್ನ ಕೈಯಿಂದ ಕುಡುಗೋಲು ಇಸಿದುಕೊಂಡಳು. ಇಷ್ಟು ದಿನ ಮನೆ ಬಿಡುವ ವಿಷಯದಲ್ಲಿ ಒಂದು ಮಾತೂ ಆಡದವಳು ಅಂದು ಆಡಿದಳು.

"ಕಡದ್ರ ಒಪ್ಕೊಂಡಂಗ ಆಗತೈತಿ. ಬ್ಯಾಡ. ಮನಿ ಬಿಡಾನ."

ಬಿಟ್ಟೆವು. ಸಾಮಾನು ಏರಿಸುವ ದಿನ ಮಾಲೀಕರ ಹೆಂಡತಿ ಕೆಳಗೆ ಬಂದು ಅವಳಿಗೆ ಕುಂಕುಮ ಹಚ್ಚಿ ಉಡಿ ತುಂಬಿದರು. ತೆಂಗಿನಕಾಯಿ, ಅಕ್ಕಿ, ಕುಪ್ಪಸದ ಕಣ, ಯಾವುದಕ್ಕೂ ಕಡಿಮೆ ಮಾಡಲಿಲ್ಲ. "ನನ್ನ ಮನಸ್ಸಿನ್ಯಾಗ ಏನೂ ಇಲ್ಲವ್ವಾ" ಎಂದರು. ಇದ್ದಿರಲಿಕ್ಕಿಲ್ಲ ಎಂದು ಒಮ್ಮೆ ಅನಿಸುತ್ತದೆ, ಹೊರಗೆ ಹಾಕಿದ ಮೇಲೆ ಉಡಿ ತುಂಬುವುದು ಸುಲಭ ಎಂದೂ ಅನಿಸುತ್ತದೆ. ನೆಲದಲ್ಲಿ ಬೇರೂರಿದ ಬಳ್ಳಿ ಅಲ್ಲೇ ಉಳಿಯಿತು. ಕುಂಡದ ಗಿಡಗಳು ನಮ್ಮ ಜೊತೆ ಬಂದವು.

ಹೊಸ ಮನೆ ಸಂಡೂರು ರಸ್ತೆಯ ಬದಿಗೆ, ಊರಿನಾಚೆ. ಮಾಲೀಕ ನಮ್ಮನ್ನು ಏನೂ ಕೇಳಲಿಲ್ಲ. ಅವನ ಮನೆಯ ಮುಂದೆಯೇ ಕೋಳಿಗಳು ಓಡಾಡಿಕೊಂಡಿದ್ದವು. ಹಾಲು ಉಕ್ಕಿಸಿ ಒಂದು ವಾರ ಕಳೆದ ಮೇಲೆ ಹೆಂಡತಿ ಮಸಾಲೆ ಅರೆದು ಕೋಳಿ ಸಾರಿಗೆ ಇಟ್ಟಳು. ಬಾಡಿಗೆ ಮನೆಯಲ್ಲಿ ನಮ್ಮ ಒಲೆಯ ಮೇಲೆ ಅದೇ ಮೊದಲು. ಮಗಳು ಅಡಿಗೆಮನೆ ಬಿಟ್ಟು ಕದಲಲಿಲ್ಲ. ಒಗ್ಗರಣೆಯ ವಾಸನೆ ಏಳುತ್ತಿದ್ದ ಹಾಗೆ ಹೆಂಡತಿ ಸೌಟು ಕೆಳಗಿಟ್ಟು ಅಡಿಗೆಮನೆಯ ಕಿಟಕಿ ಹಾಕಿದಳು. ಪಡಸಾಲೆಗೆ ಬಂದು ಅಲ್ಲಿಯದನ್ನೂ ಹಾಕಿದಳು. ಇಲ್ಲಿ ಹೆದರುವುದಕ್ಕೆ ಯಾರೂ ಇರಲಿಲ್ಲ. ಎದ್ದು ಹೋಗಿ, ಬೀದಿಯ ಕಡೆ ಉಳಿದಿದ್ದ ಕಿಟಕಿಯನ್ನು ನಾನೇ ಹಾಕಿ ಬಂದೆ.