ಹತ್ತಿಯಮ್ಮನ ಕೈ

ನಮ್ಮಮ್ಮ ಹಾಸಿಗೆ ಹೊಲಿಯುವವಳು. ಬೀದಿಯವರಿಗೆಲ್ಲ ಹತ್ತಿಯಮ್ಮ. ಹಳೆಯ ಹಾಸಿಗೆ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಹಿಂಜಿ, ಮತ್ತೆ ತುಂಬಿ ದಬ್ಬಳದಲ್ಲಿ ಹೊಲಿದು ಕೊಡುತ್ತಾಳೆ. ಕೊನೆಗೆ ಕಣ್ಣು ಮುಚ್ಚಿ ಹಾಸಿಗೆಯ ಮೇಲೆಲ್ಲ ಅಂಗೈ ಆಡಿಸುತ್ತಾಳೆ. ಕಡಲೆಕಾಳಿನಷ್ಟು ಗಂಟು ಸಿಕ್ಕರೂ ಸರಿ, ಹೊಲಿಗೆ ಬಿಚ್ಚಿ ಅದನ್ನು ಬಿಡಿಸಿದ ಮೇಲೆಯೇ ಸಮಾಧಾನ. ಗಿರಾಕಿಗಳೇ ಬೇಸತ್ತು "ಇರ್ಲಿ ಬಿಡಿ" ಎಂದರೂ ಇವಳು ಬಿಡುವವಳಲ್ಲ. "ಮಲಗೋರಿಗೆ ಗೊತ್ತೂ ಆಗಲ್ಲ ಕಣಮ್ಮ" ಎಂದು ನಾನು ಹೇಳಿದರೆ, "ನಂಗೆ ಗೊತ್ತಾಯ್ತಲ್ಲ" ಎನ್ನುತ್ತಾಳೆ. ಇವಳ ಹತ್ತಿರ ವಾದ ಮಾಡಿ ಗೆದ್ದವರಿಲ್ಲ.

ಆ ಕೈಗೇ ಒಂದು ಬೆಳಿಗ್ಗೆ ನನ್ನ ಮಗಳ ಕುತ್ತಿಗೆಯ ಗಂಟು ಸಿಕ್ಕಿತು. ನೆಗಡಿ, ಗಂಟಲುನೋವು ವಾಸಿಯಾಗಿ ಪುಟ್ಟಿ ಆಗಷ್ಟೇ ಶಾಲೆಗೆ ಹೊರಟಿದ್ದಳು. ಜಡೆ ಹಾಕುತ್ತಿದ್ದ ಅಮ್ಮನ ಬೆರಳು ಇದ್ದಕ್ಕಿದ್ದಂತೆ ಕುತ್ತಿಗೆಯಲ್ಲೇ ನಿಂತಿತು. "ಇಲ್ಲಿ ಮುಟ್ಟಿ ನೋಡೇ" ಎಂದಳು. ದವಡೆಯ ಕೆಳಗೆ, ಚರ್ಮದಡಿ, ಗೋಲಿಯಂಥದ್ದೊಂದು. ನಮ್ಮಪ್ಪನನ್ನು ಒಯ್ದ ಕಾಯಿಲೆಯೂ ಹೀಗೇ ಕುತ್ತಿಗೆಯಲ್ಲಿ ಕಾಣಿಸಿಕೊಂಡಿತ್ತು. ಅದರ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಮಕ್ಕಳ ಡಾಕ್ಟರು ಊರಲ್ಲಿರಲಿಲ್ಲ. ಅವರು ಬರುವಷ್ಟರಲ್ಲಿ ಅಮ್ಮ ತನ್ನ ವೈದ್ಯ ಶುರು ಮಾಡಿದ್ದಳು. ಹೊತ್ತುಗೊತ್ತಿಲ್ಲದೆ ಹೆಬ್ಬೆರಳಿನಿಂದ ಗಂಟನ್ನು ಒತ್ತುವುದು, ಹತ್ತಿ ಬಿಡಿಸಿದ ಹಾಗೆ ತೀಡುವುದು. "ಕರಗುತ್ತೆ, ಸುಮ್ನಿರು" ಎಂದು ನನ್ನನ್ನೇ ಗದರಿದಳು. ಗಂಟು ಕರಗಲಿಲ್ಲ, ಕೆಂಪಗೆ ಊದಿತು.

ಡಾಕ್ಟರಮ್ಮ ಪುಟ್ಟಿಯ ಗಂಟಲು, ಕಿವಿ, ಕಂಕುಳು, ಹೊಟ್ಟೆ ಎಲ್ಲ ನೋಡಿದರು. "ಇದನ್ನ ಯಾರು ಹೀಗೆ ಒತ್ತಿರೋದು?" ಎಂದರು. ಪುಟ್ಟಿ ಎಗ್ಗಿಲ್ಲದೆ ಅಜ್ಜಿಯತ್ತ ಬೆರಳು ತೋರಿಸಿದಳು.

"ಅಜ್ಜಿ, ಗಂಟಲಿಗೆ ಸೋಂಕು ಬಂದಾಗ ಕುತ್ತಿಗೇಲಿರೋ ಗ್ರಂಥಿಗಳು ಅದರ ಜೊತೆ ಹೋರಾಡ್ತವೆ, ಅದಕ್ಕೇ ಊದ್ಕೊಳ್ತವೆ. ಮಕ್ಕಳಲ್ಲಿ ಇದು ತೀರಾ ಸಾಮಾನ್ಯ. ಗಟ್ಟಿಯಾಗಿ, ಅಲ್ಲಾಡದೆ, ಬೆಳೀತಾನೇ ಹೋದ್ರೆ, ಜ್ವರ ಬಿಡದಿದ್ರೆ, ಮಗು ಸೊರಗಿದ್ರೆ ತಕ್ಷಣ ಕರ್ಕೊಂಡು ಬನ್ನಿ. ಇಲ್ಲದಿದ್ರೆ ಎರಡು ವಾರ ಬಿಟ್ಟು ನೋಡೋಣ. ಅಲ್ಲೀವರೆಗೆ ಯಾರೂ ಮುಟ್ಟಬಾರದು."

ಔಷಧಿ ಕುಡಿಸಿ ಎಂದಿದ್ದರೆ ಅಮ್ಮ ಇಡೀ ಬಾಟಲಿಯನ್ನೇ ಕುಡಿಸುತ್ತಿದ್ದಳು. ಮುಟ್ಟಬೇಡ ಎಂದರೆ ಏನು ಮಾಡುವುದು? ಪುಟ್ಟಿಯೂ ಬಲು ಗಟ್ಟಿಗಿತ್ತಿ, "ಕೈ ಕಟ್ಕೊಂಡು ಕೂತ್ರೆ ಮಾತ್ರ ಕತೆ ಕೇಳೋಕೆ ಬರ್ತೀನಿ" ಎಂದುಬಿಟ್ಟಳು. ಅಮ್ಮ ಅಂಗೈಗಳನ್ನು ತೊಡೆಯಡಿ ಒತ್ತಿಕೊಂಡು ಕತೆ ಹೇಳಿದಳು. ಹಗಲೆಲ್ಲ ಹತ್ತಿಯ ಮೇಲೆ ಸಿಟ್ಟು ತೀರಿಸಿಕೊಂಡಳು. ನೋಡಿದರೆ ನಗು ಬರುತ್ತಿತ್ತು, ಪಾಪ ಅಂತಲೂ ಅನಿಸುತ್ತಿತ್ತು.

ಎರಡು ವಾರದ ಮೇಲೆ ಡಾಕ್ಟರಮ್ಮ ಮುಟ್ಟಿ ನೋಡಿ ನಕ್ಕರು. "ಕುಗ್ಗಿದೆ. ಕಡಲೆಕಾಳಿನಷ್ಟು ಇನ್ನೂ ಉಳಿದಿದೆ. ಪೂರ್ತಿ ಹೋಗೋಕೆ ತಿಂಗಳುಗಳೇ ಹಿಡೀಬಹುದು. ಅದರಿಂದ ಏನೂ ತೊಂದರೆ ಇಲ್ಲ."

ನಾನು ಹೊರಡಲು ಎದ್ದೆ. ಅಮ್ಮ ಮಾತ್ರ ಕುರ್ಚಿಯಿಂದ ಏಳಲಿಲ್ಲ.

"ಇವಳ ತಾತನ ಗಂಟು ನಂಗೆ ಗೊತ್ತೇ ಆಗ್ಲಿಲ್ಲ ಡಾಕ್ಟ್ರೇ" ಎಂದಳು. "ಪಕ್ಕದಲ್ಲೇ ಮಲಗ್ತಿದ್ದೆ. ಊರವರ ಹಾಸಿಗೇಲೆಲ್ಲ ಗಂಟು ಹುಡುಕ್ತಿದ್ದೆ."

ಅಪ್ಪ ಹೋದ ಮೇಲೆ ಈ ಮಾತನ್ನು ಅವಳು ನನಗೂ ಹೇಳಿರಲಿಲ್ಲ. ಡಾಕ್ಟರಮ್ಮ ಅವಳ ಕೈ ಹಿಡಿದು, ಬೆರಳನ್ನು ಮೆಲ್ಲಗೆ ಪುಟ್ಟಿಯ ಕುತ್ತಿಗೆಯ ಮೇಲಿಟ್ಟರು. "ಒತ್ತಬೇಡಿ, ಸುಮ್ನೆ ನೋಡಿ. ಮೆತ್ತಗಿದೆಯಾ? ಜಾರುತ್ತಾ?" ಅಮ್ಮ ತಲೆಯಾಡಿಸಿದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು.

ಅವತ್ತು ಸಂಜೆ ಅಮ್ಮನ ಹಾಸಿಗೆ ಅಂಗಡಿಯಲ್ಲಿ, ಹೊಲಿದು ಮುಗಿಸಿದ ಹಾಸಿಗೆಯ ಮೇಲೆ ಪುಟ್ಟಿ ಅಜ್ಜಿಯ ತೊಡೆಗೆ ತಲೆಯಿಟ್ಟು ಮಲಗಿದ್ದಳು. ಕೂದಲು ನೇವರಿಸುತ್ತಿದ್ದ ಕೈ ಕಿವಿಯ ಹಿಂದೆ ಇಳಿದು, ದವಡೆಯ ಕೆಳಗೆ ಬಂದು ನಿಂತಿತು.

"ಇನ್ನೂ ಇದೆಯಾ ಅಜ್ಜಿ?" ಎಂದಳು ಪುಟ್ಟಿ, ಕಣ್ಣು ತೆರೆಯದೆಯೇ.

ಅಮ್ಮ ಕೈಯನ್ನು ಮತ್ತೆ ಕೂದಲಿಗೆ ಒಯ್ದಳು.

"ಇರ್ಲಿ ಬಿಡು" ಎಂದಳು.